ಅತ್ತೆಯ ಮುಂದೆ ಮಲಗಿರಬಾರದು

ಮುಖವಾಡದ ಕುಸ್ತಿಪಟು ಅಂಗಾತ ಬಿದ್ದಿದ್ದ, ಎದೆಯ ಮೇಲೆ ಎದುರಾಳಿಯ ಹೆಣಭಾರ. ತೀರ್ಪುಗಾರ ನೆಲ ಬಡಿದು ಎರಡು ಎಣಿಸಿಯಾಗಿತ್ತು, ಮೂರೆಂದರೆ ಸೋಲು. ಸೋತರೆ ಸೋತೆ, ನಾಳೆಯಿಂದ ಈ ಹುಚ್ಚು ಬಿಟ್ಟು ಎಲ್ಲಾದರೂ ಕೆಲಸಕ್ಕೆ ಸೇರೋಣ ಎಂದುಕೊಂಡ. ಅಂಗಡಿ ಇಡುತ್ತೇನೆಂದು ಅತ್ತೆಯಿಂದ ಸಾಲ ತಂದದ್ದನ್ನೆಲ್ಲ ಇದಕ್ಕೇ ಸುರಿದಿದ್ದ. ಈ ಗುಟ್ಟು ಹೆಂಡತಿಗೆ ಮಾತ್ರ ಗೊತ್ತಿತ್ತು.

"ಥೂ, ಏಳಯ್ಯಾ! ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತು?"

ಮುಂದಿನ ಸಾಲಿನಿಂದ ಬಂದ ದನಿ ಸಾಕ್ಷಾತ್ ಅತ್ತೆಯದು. ಆ ದನಿ ಕೇಳಿದರೆ ಅವನು ಊಟದ ನಡುವೆಯೂ ದಡಕ್ಕನೆ ಎದ್ದು ನಿಲ್ಲುವವನು. ಈಗಲೂ ಎದ್ದೇಬಿಟ್ಟ. ಮೇಲಿದ್ದವನು ಮೂಟೆಯಂತೆ ಉರುಳಿ ಕಣದ ಸುತ್ತಲಿನ ಹಗ್ಗಕ್ಕೆ ಬಡಿದ. ಜನ ಹುಚ್ಚೆದ್ದು ಕೂಗಿದರು. ಇವನು ಮಾತ್ರ ತಲೆ ತಗ್ಗಿಸಿ, ಮೈಮೇಲೆ ಇಲ್ಲದ ಅಂಗಿಯ ಅಂಚನ್ನು ಎರಡೂ ಕೈಯಿಂದ ಕೆಳಗೆಳೆದುಕೊಳ್ಳುತ್ತ ನಿಂತಿದ್ದ.

ಅತ್ತೆ ತೆರೆದ ಬಾಯಿ ಮುಚ್ಚಲಿಲ್ಲ. ತಮ್ಮೆದುರು ಹಾಗೆ ನಿಲ್ಲುವ ಗಂಡಸು ಲೋಕದಲ್ಲಿ ಒಬ್ಬನೇ ಇದ್ದ. ಪಕ್ಕಕ್ಕೆ ತಿರುಗಿದರೆ, ತಮ್ಮನ್ನು ಇಲ್ಲಿಗೆ ಕರೆತಂದ ಮಗಳು ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಅಂಗಡಿ ಯಾವುದೆಂದು ಅವರಿಗೆ ಅರ್ಥವಾಯಿತು. ಅಷ್ಟರಲ್ಲಿ ಎದುರಾಳಿ ಎದ್ದು ಅಳಿಯನ ಬೆನ್ನಿಗೆ ನುಗ್ಗಿ ಬರುತ್ತಿದ್ದ. ಅತ್ತೆ ಕುರ್ಚಿ ಹತ್ತಿ ನಿಂತರು.

"ಮರ್ಯಾದೆಯೆಲ್ಲ ಮನೇಲಿ ಕೊಡಿ ಅಳಿಯಂದ್ರೇ! ಹಿಂದೆ ನೋಡಿ, ಹಿಂದೆ! ಅಂಗಡಿ ವಿಷ್ಯ ಆಮೇಲೆ ಮಾತಾಡೋಣ, ಮೊದ್ಲು ಅವನನ್ನ ಕೆಡವಿ!"