ಸಾಕು ಎಂಬ ನಾಯಿ

ಮೂರನೆಯ ಲೋಟವೂ ನೆಲಕ್ಕೆ ಬಿತ್ತು. ಕಷಾಯ ಮಂಚದ ಕಾಲಿನವರೆಗೆ ಹರಿಯಿತು. ಬೀಳಿಸಿದ ನಾಯಿ ಓಡಿಹೋಗಲಿಲ್ಲ. ಮಂಚಕ್ಕೂ ಮೌನೇಶ್ವರಿಗೂ ನಡುವೆ ನಿಂತು ಹಲ್ಲು ತೋರಿಸುತ್ತಿತ್ತು.

"ಇದಕ್ಕ ಹುಚ್ಚು ಹಿಡದದ್ರಿ ಮಾವ," ಎಂದಳು ನಾದಿನಿ ಮೌನೇಶ್ವರಿ, ಕೈ ಮೇಲಿನ ಹಲ್ಲಿನ ಗೀರು ಒರೆಸಿಕೊಳ್ಳುತ್ತ.

"ಹುಚ್ಚಿಲ್ಲ ಬಿಡವಾ. ಚಮಚ ಕಂಡ್ರ ಆಗಂಗಿಲ್ಲ ಅದಕ್ಕ," ಎಂದ ಶಾಂತಪ್ಪ. ಮೈ ಸುಡುತ್ತಿದ್ದರೂ ಅವನಿಗೆ ನಗು ಬಂತು.

ಸುರಪುರದ ಆ ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ಬರೀ ಲೋಟ ಕಂಡರೆ ನಾಯಿ ತೆಪ್ಪಗಿರುತ್ತಿತ್ತು. ಲೋಟದಲ್ಲಿ ಚಮಚ ಆಡಿದ ಸದ್ದು ಕೇಳಿದರೆ ಮುಗಿಯಿತು, ಎಲ್ಲಿದ್ದರೂ ಹಾರಿ ಬಂದು ಕೆಡವುತ್ತಿತ್ತು. ಎದುರುಮನೆಯ ದರ್ಜಿ ಹಸನಸಾಬ ಒಮ್ಮೆ ಚಹಾಕ್ಕೆ ಕದ್ದು ಸಕ್ಕರೆ ಹಾಕಿಕೊಂಡು ಕಲಸುತ್ತಿದ್ದಾಗ ಅವನ ಅಂಗಿಯೆಲ್ಲ ತೋಯ್ದಿತ್ತು. "ನನಗ ಸಕ್ರಿ ಕಾಯಿಲಿ ಅದ ಅಂತ ಇದಕ್ಕ ಹ್ಯಾಂಗ ಗೊತ್ತಾತೋ ಶಾಂತಪ್ಪಾ! ನಮ್ಮ ಮನಿಯಾಕಿ ಹೇಳಿ ಕಳಸ್ಯಾಳೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮರಿಯಿದ್ದಾಗ ಯಾವನೋ ಹೋಟೆಲಿನವನು ಬಿಸಿ ಚಹಾ ಎರಚಿರಬೇಕು ಎಂಬುದು ಶಾಂತಪ್ಪನ ಊಹೆ. ನಾಯಿಯ ಬೆನ್ನ ಮೇಲೆ ಒಂದು ಕಡೆ ಕೂದಲೇ ಇರಲಿಲ್ಲ. ಬೀದಿಯಿಂದ ಬಂದ ಪ್ರಾಣಿ, ಅದರ ಹಿಂದಿನ ಕಥೆ ಯಾರಿಗೆ ಗೊತ್ತು?

ಅದು ಮನೆಗೆ ಬಂದದ್ದು ಹೆಂಡತಿ ಸರೋಜಾ ಲಕ್ವ ಹೊಡೆದು ಮಲಗಿದ್ದ ದಿನಗಳಲ್ಲಿ. ಜೊತೆಗೆ ಇನ್ನೊಂದು ಮರಿಯೂ ಇತ್ತು. ಎರಡೂ ಅವಳ ಮಂಚದ ಕೆಳಗೆ ಠಿಕಾಣಿ ಹೂಡಿ, ಅವಳ ಬಾಯಿಂದ ಚೆಲ್ಲಿದ್ದನ್ನೆಲ್ಲ ನೆಕ್ಕಿಕೊಂಡಿದ್ದವು. ಆರೈಕೆಗೆಂದು ಯಾದಗಿರಿಯಿಂದ ಅವಳ ತಂಗಿ ಮೌನೇಶ್ವರಿ ಬಂದಿದ್ದಳು. ಕಡೆಯ ದಿನ ಶಾಂತಪ್ಪ ಕೋಣೆಗೆ ಕಾಲಿಟ್ಟಾಗ ಸರೋಜಾ ತೊದಲುತ್ತ ಒಂದೇ ಒಂದು ಮಾತಾಡಿದಳು.

"ಸಾಕು."

ಅವನು ತಿಳಿಯದೆ ಪಿಳಿಪಿಳಿ ನೋಡಿದ. "ನಾಯಿಮರಿ ಸಾಕು ಅನ್ನಾಕತ್ತಾಳ್ರಿ ಅಕ್ಕ," ಎಂದು ಮೌನೇಶ್ವರಿಯೇ ಬಿಡಿಸಿ ಹೇಳಿ ಅಕ್ಕನ ಬಾಯಿ ಒರೆಸಿದಳು. ಸರೋಜಾ ಮತ್ತೆ ಮಾತಾಡಲಿಲ್ಲ. ಮಣ್ಣು ಮಾಡಿ ಬಂದಾಗ ಒಂದು ಮರಿ ಹಿತ್ತಲಲ್ಲಿ ಸತ್ತು ಬಿದ್ದಿತ್ತು. ಒಡತಿಯ ಹಿಂದೆಯೇ ಹೋಯಿತು ನೋಡು ಎಂದು ಓಣಿಯ ಹೆಂಗಸರು ಕಣ್ಣೊರೆಸಿಕೊಂಡರು.

ಶಾಂತಪ್ಪ ನಾಯಿ ಕಂಡರೆ ಕಲ್ಲು ಹುಡುಕುವ ಆಸಾಮಿ. ಆದರೆ ಹೆಂಡತಿಯ ಕಡೆಯ ಮಾತು ಮೀರುವುದು ಹೇಗೆ? ಉಳಿದ ಮರಿಯನ್ನು ಸಾಕಿದ. ಹೆಸರೂ ಅದನ್ನೇ ಇಟ್ಟ, ಸಾಕು. ಬೆಳಿಗ್ಗೆ ಅವನು "ಸಾಕು, ಸಾಕು" ಎಂದು ನಾಯಿಯನ್ನು ಕರೆದರೆ, ಬಾಗಿಲಲ್ಲಿ ಹಾಲು ಹಾಕುತ್ತಿದ್ದವಳು ಕೈ ತಡೆದು, "ಇಷ್ಟ ಸಾಕೇನ್ರಿ?" ಎನ್ನುತ್ತಿದ್ದಳು. ಅವನು ಶಹಾಪುರಕ್ಕೆ ಟಂಟಂ ಓಡಿಸುವಾಗ ಪಕ್ಕದ ಸೀಟು ನಾಯಿಯದೇ. ಪ್ರಯಾಣಿಕರು ಎಷ್ಟೇ ಗುರುಗುಟ್ಟಿದರೂ ಅದು ಜರಗುತ್ತಿರಲಿಲ್ಲ. ಗಾಳಿಗೆ ಕಿವಿ ಹಾರಿಸಿಕೊಂಡು, ಎದುರಿಗೆ ಬಂದ ಬಸ್ಸಿಗೆಲ್ಲ ಬೈಯುತ್ತ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಆ ನಾಯಿ ಇರದಿದ್ದರೆ ಶಾಂತಪ್ಪ ಆ ಮನೆಯಲ್ಲಿ ಮತ್ತೆ ಒಲೆ ಹಚ್ಚುತ್ತಿರಲಿಲ್ಲ.

ಈಗ ಮಳೆಯಲ್ಲಿ ನೆನೆದು ಜ್ವರ ಬಂದಿತ್ತು. ಡಾಕ್ಟರು ಗುಳಿಗೆ ಕೊಟ್ಟಿದ್ದರು, ಜ್ವರ ಇಳಿಯುತ್ತಲೂ ಇತ್ತು. ಸುದ್ದಿ ತಿಳಿದ ಮೌನೇಶ್ವರಿ ಕರೆಯದೆಯೇ ಬಸ್ಸು ಹತ್ತಿ ಬಂದಳು. ಓಣಿಗೆ ನಿರಾಳವಾಯಿತು. ಆರೈಕೆಯಲ್ಲಿ ಅವಳದು ದೊಡ್ಡ ಹೆಸರು. ಅತ್ತೆ, ಗಂಡ, ಗುರುಮಠಕಲ್ಲಿನ ಸೋದರಮಾವ, ಎಲ್ಲರ ಪಕ್ಕ ಕಡೆಯವರೆಗೂ ಕೂತವಳು ಅವಳೇ. "ಆಕಿ ಕೈ ಬಾಳ ಹಗುರ ನೋಡ್ರಿ, ಯಾರನ್ನೂ ನರಳಾಕ ಬಿಡಂಗಿಲ್ಲ," ಎನ್ನುತ್ತಿದ್ದರು ಹೆಂಗಸರು.

ಲೋಟದ ಸದ್ದಿಗೆ ಹಸನಸಾಬ ಓಡಿ ಬಂದ. ಮೌನೇಶ್ವರಿಯ ಕೈಯ ರಕ್ತ ಕಂಡು ಅವನ ಮುಖದ ನಗು ಹೋಯಿತು.

"ಮಂದಿಗೆ ಬಾಯಿ ಹಾಕಿತಂದ್ರ ಮುಗೀತು ಶಾಂತಪ್ಪಾ. ಬೋನಾಳ ಕೆರಿ ಕಡೆ ಬಿಟ್ಟು ಬರ್ತೀನಿ."

"ಬ್ಯಾಡೋ ಮಾರಾಯಾ. ಸರೋಜಾ ನನ್ನ ಕೈಯಾಗ ಕೊಟ್ಟು ಹೋದ ಜೀವ ಅದು." ಶಾಂತಪ್ಪನ ಕಣ್ಣು ತುಂಬಿ ಬಂತು.

ಮೌನೇಶ್ವರಿಯೇ ಕರಗಿದಳು. "ಬಿಡಾದು ಬ್ಯಾಡ್ರಿ ಸಾಬ್ರೇ. ಸ್ವಲ್ಪೊತ್ತು ನಿಮ್ಮ ಅಂಗಡ್ಯಾಗ ಕಟ್ರಿ. ಮಾವ ಸುಮ್ನ ಕಷಾಯ ಕುಡದ್ರ ಆತು, ಆಮ್ಯಾಲ ಇಲ್ಲೇ ಇರ್ಲಿ ಅದು."

ಶಾಂತಪ್ಪ ತಲೆಯಾಡಿಸಿದ. ಆ ನಾಯಿ ಉಳಿಯುವುದಾದರೆ ಏನು ಕೊಟ್ಟರೂ ಕುಡಿಯಲು ಅವನು ತಯಾರಿದ್ದ. ಹಸನಸಾಬ ಹಗ್ಗ ಹಾಕಿ ಎಳೆದ. ನಾಯಿ ನಾಲ್ಕೂ ಕಾಲು ನೆಲಕ್ಕೆ ಊರಿ, ಹೊಸ್ತಿಲು ದಾಟುವವರೆಗೂ ಶಾಂತಪ್ಪನನ್ನೇ ನೋಡುತ್ತಿತ್ತು.

ಮೌನೇಶ್ವರಿ ನಾಲ್ಕನೆಯ ಲೋಟ ತಂದಳು. ನಾಯಿ ಎದುರಿನ ಅಂಗಡಿಯಿಂದ ಅರಚುತ್ತಿತ್ತು. ಕಷಾಯ ಕಡು ಕಹಿ. ಆದರೂ ಕೊಟ್ಟ ಮಾತಿಗೆ ತಪ್ಪದೆ ಅವನು ಕುಡಿದ. ಅರ್ಧ ಲೋಟ ಮುಗಿಯುವಷ್ಟರಲ್ಲಿ ನಾಲಗೆ ದಪ್ಪಗಾಯಿತು. ಬೇಡವೆನ್ನಲು ಕೈ ಎತ್ತಹೋದ. ಕೈ ಏಳಲಿಲ್ಲ. ಲೋಟದಲ್ಲಿ ಚಮಚ ಮತ್ತೆ ಸದ್ದು ಮಾಡಿತು. ನಾಯಿಯನ್ನು ಕಟ್ಟಿ ಬಂದ ಹಸನಸಾಬ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಹೇಳಬೇಕೆಂದು ಶಾಂತಪ್ಪ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿದ. ಹೊರಬಂದದ್ದು ಒಂದೇ ಮಾತು. ಸರೋಜಾಳಂತೆಯೇ ತೊದಲಿದ ಮಾತು.

"ಸಾಕು."

"ನೋಡ್ರಿ ಸಾಬ್ರೇ, ಇಂಥಾದ್ರಾಗೂ ನಾಯಿನ್ನ ಕರ್ಯಾಕತ್ತಾರ," ಎನ್ನುತ್ತ ಮೌನೇಶ್ವರಿ ಅವನ ಬಾಯಿ ಒರೆಸಿ, ಅವತ್ತು ಅಕ್ಕನಿಗೆ ಹಾಕಿದಂತೆಯೇ, ಮತ್ತೊಂದು ಚಮಚ ಹಾಕಿದಳು.