ಗೇಟು ತೆಗೆದ ದಿನ

ಅಪ್ಪ ಒಂದು ಬದಿ ಹಿಡಿದಿದ್ದ, ಸೋದರಮಾವ ಇನ್ನೊಂದು ಬದಿ. ಕುಕ್ಕರುಗಾಲಿನಲ್ಲಿ ಕೂತ ಮಗಳು ತುಕ್ಕು ಹಿಡಿದ ಕೀಲುಗಳಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದಳು. ಕೊನೆಗೆ ಕಬ್ಬಿಣದ ಗೇಟು ಒಮ್ಮೆ ನರಳಿ ಮೇಲೆದ್ದಿತು. ಅದನ್ನು ಹೊತ್ತೊಯ್ದು ಹಿಂದಿನ ಗೋಡೆಗೆ ಒರಗಿಸಿದರು.

ಧರ್ಮಾಸ್ಪತ್ರೆಯ ಗೇಟು ಅದು. ಮಕ್ಕಳ ಡಾಕ್ಟರಮ್ಮ ವಾರಕ್ಕೊಮ್ಮೆ ಬರುವವರು. ಬೀದಿಯಿಂದ ಅವರ ಕೋಣೆಯವರೆಗೆ ಉದ್ದನೆಯ ಇಕ್ಕಟ್ಟಾದ ಕಾರಿಡಾರು. ಕಾವಲುಗಾರನಾದ ಅಪ್ಪ ಗೇಟಿನ ಬಳಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಆಸ್ಪತ್ರೆಯ ಕಮಿಟಿಯಲ್ಲಿದ್ದ ಮಾವ ಹಟ ಹಿಡಿದು, ಇವತ್ತೊಂದು ದಿನ ಗೇಟಿಲ್ಲದೆ ನಡೆಸಿ ನೋಡೋಣ ಎಂದು ಎಲ್ಲರನ್ನೂ ಒಪ್ಪಿಸಿದ್ದ.

"ಮನುಷ್ಯ ಅಂದ್ರೆ ಹೋರಿ ಕಣಯ್ಯಾ," ಅಪ್ಪ ಕೈ ಒರೆಸಿಕೊಳ್ಳುತ್ತ ಅಂದ. "ಹಗ್ಗ ಬಿಚ್ಚಿದ್ರೆ ಹಸಿರು ಕಂಡಲ್ಲಿ ನುಗ್ಗುತ್ತೆ."

"ಕಟ್ಟಿಹಾಕಿದ್ದಕ್ಕೇ ಹಾಯುತ್ತೆ ಭಾವ. ಬಿಟ್ಟು ನೋಡಿ, ತಾನಾಗೇ ಮನೆಗೆ ಬರುತ್ತೆ."

"ನಿಮ್ಮ ಪಕ್ಷದೋರು ಹೋರಿ ಸಾಕಿ ಗೊತ್ತೋ, ಬರೀ ಭಾಷಣ ಸಾಕಿ ಗೊತ್ತೋ?"

"ನಿಮ್ಮೋರು ಹಗ್ಗದ ಅಂಗಡಿ ಇಟ್ಕೊಂಡಿದ್ದಾರಲ್ಲ, ಅದಕ್ಕೇ ಕಂಡೋರೆಲ್ಲ ಹೋರಿ ಥರ ಕಾಣ್ತಾರೆ."

ಮಗಳು ನಗು ನುಂಗಿಕೊಂಡಳು. ಬರುವ ಭಾನುವಾರ ಅವಳ ಮೊದಲ ಓಟು. ಬೀದಿಬೀದಿಗೂ ಕಾವಲು ಬೇಕು ಅನ್ನುತ್ತಿತ್ತು ಅಪ್ಪನ ಪಕ್ಷ; ಇರುವ ಕಾವಲನ್ನೂ ತೆಗೆಯಿರಿ, ಜನರನ್ನು ನಂಬಿರಿ ಅನ್ನುತ್ತಿತ್ತು ಮಾವನ ಪಕ್ಷ. ಅಪ್ಪ ಮಾತಾಡಿದರೆ ಅಪ್ಪನದೇ ಸರಿ ಅನ್ನಿಸುವುದು, ಮಾವ ಬಾಯಿ ತೆರೆದರೆ ಮಾವನದು. "ಯಾರಿಗೆ ಹಾಕ್ತೀಯೆ ಪುಟ್ಟಿ?" ಎಂದು ಇಬ್ಬರೂ ಕೇಳಿಯಾಗಿತ್ತು. ಇಬ್ಬರಿಗೂ ಇನ್ನೊಂದು ಸೌಟು ಸಾರು ಬಡಿಸಿ ತಪ್ಪಿಸಿಕೊಂಡಿದ್ದಳು.

ಡಾಕ್ಟರಮ್ಮ ಬಂದರು. ಜನ ಒಳಗೆ ಬಂದರು. ಮೊದಮೊದಲು ಮದುವೆ ಮನೆಯ ಹಾಗೆ, "ನೀವು ಹೋಗಿ", "ಇಲ್ಲ, ನೀವು ಮೊದಲು ಬಂದೋರು" ಎಂಬ ಉಪಚಾರ. ಮಾವನ ಮುಖ ಅರಳಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಒಂದು ತಳ್ಳು ತಳ್ಳಿದರು. ತಳ್ಳಿಸಿಕೊಂಡವರು ಮುಂದಿನವರನ್ನು ತಳ್ಳಿದರು. ನೋಡನೋಡುತ್ತ ಕಾರಿಡಾರು ಗಿಡಿದು ತುಂಬಿದ ಮೂಟೆಯಾಯಿತು. ಮೊಣಕೈ, ಬೈಗುಳ, ಮಕ್ಕಳ ಅಳು. ಮುಂದೆ ಬರುವವರಿಗೂ ದಾರಿಯಿಲ್ಲ, ಹಿಂದೆ ಸರಿಯುವವರಿಗೂ ಇಲ್ಲ. ಅಪ್ಪ, ಮಾವ, ಮಗಳು ಮೂವರೂ ಡಾಕ್ಟರ ಕೋಣೆಯ ಬಾಗಿಲ ಪಕ್ಕದ ಬೆಂಚು ಹತ್ತಿ ಗೋಡೆಗೆ ಅಂಟಿಕೊಂಡರು.

"ಬಂತಲ್ಲ ಮಾರಾಯ ನಿನ್ನ ಹೋರಿ, ತಾನಾಗೇ ಮನೆಗೆ!" ಎಂದ ಅಪ್ಪ.

ಆಗ ಬೀದಿಯ ಕಡೆಯಿಂದ ಒಂದು ಹೆಣ್ಣುದನಿ ಎದೆ ಸೀಳಿಕೊಂಡು ಬಂತು. "ಮಗೂಗೆ ಫಿಟ್ಸ್ ಬಂದಿದೆ! ಕಣ್ಣು ಮೇಲಾಗ್ತಿದೆ! ಯಾರಾದ್ರೂ ನೋಡ್ರಪ್ಪ!"

ದಾರಿ ಬಿಡೋಣವೆಂದರೆ ಕಾಲೂರಲು ಜಾಗವಿರಲಿಲ್ಲ. ಅಷ್ಟರಲ್ಲಿ ಬೀದಿ ಕಡೆಯ ತುದಿಯಲ್ಲಿ ಮಸಿ ಮೆತ್ತಿದ ಎರಡು ಕೈಗಳು ಮೇಲೆದ್ದವು. ಆ ಕೈಗಳ ಮೇಲೆ ಮಗು ಇತ್ತು.

ಅದರ ಮುಂದಿನ ಕೈಗಳು ಎದ್ದವು. ಅದರ ಮುಂದಿನವು. ಸಿಮೆಂಟು ಒಣಗಿದ ಕೈ, ಗಡಿಯಾರ ಕಟ್ಟಿದ ಕೈ, ಹಿಟ್ಟಿನ ಕೈ, ನಡುಗುವ ಮುದಿ ಕೈ. ತನ್ನ ಕೂಸನ್ನು ಸೊಂಟಕ್ಕೆ ಒತ್ತಿಕೊಂಡ ಒಬ್ಬಳು ಉಳಿದ ಒಂದೇ ಕೈಯನ್ನು ಚಾಚಿ ಮಗುವಿನ ಕತ್ತಿಗೆ ಆಸರೆ ಕೊಟ್ಟಳು. "ತಲೆ ಜೋಪಾನ... ತಲೆ ಜೋಪಾನ..." ಎಂಬ ಮಾತು ಮಗುವಿನ ಜೊತೆಜೊತೆಗೇ ಬಾಯಿಂದ ಬಾಯಿಗೆ ಹರಿದು ಬಂತು. ಈಗಷ್ಟೇ ಒಬ್ಬರನ್ನೊಬ್ಬರು ಬೈಯುತ್ತಿದ್ದ ಬಾಯಿಗಳು ಅವು. ಮಗು ನೀರಿನ ಮೇಲಿನ ಎಲೆಯಂತೆ ತಲೆಗಳ ಮೇಲೆ ತೇಲಿ ಬರುತ್ತಿತ್ತು.

ಮಗಳು ತನಗೇ ಗೊತ್ತಿಲ್ಲದೆ ತೋಳು ಚಾಚಿದ್ದಳು. ಮಗು ಅವಳ ಕೈಗಿಳಿಯಿತು. ಮೈ ಕಾದ ಹೆಂಚು. ಡಾಕ್ಟರಮ್ಮ ಬಾಗಿಲು ತೆರೆದು ಎತ್ತಿಕೊಂಡರು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಸಣ್ಣಗೆ, ಆಮೇಲೆ ಜೋರಾಗಿ ಅಳು ಕೇಳಿಸಿತು. ಇಡೀ ಕಾರಿಡಾರು ಒಂದೇ ಎದೆಯಾಗಿ ಉಸಿರು ಬಿಟ್ಟಿತು. ಕೆಲವರ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು, ಇಳಿಸುವುದನ್ನು ಮರೆತವರ ಹಾಗೆ.

"ನೋಡಿದ್ರಾ ಭಾವ? ಯಾರು ಹೇಳಿಕೊಟ್ರು ಇದನ್ನ ಅವರಿಗೆ?" ಮಾವ ಅಪ್ಪನ ತೋಳು ಹಿಡಿದು ಅಲುಗಿಸಿದ.

ಅಪ್ಪ ಕಣ್ಣೊರೆಸಿಕೊಂಡ. "ನೋಡಿದೆ ಕಣೋ. ಗೇಟಿದ್ದಿದ್ರೆ ಆ ಕೂಸನ್ನ ಮೊದಲೇ ಒಳಗೆ ಬಿಟ್ಟಿರ್ತಿದ್ದೆ."

ಮಗಳಿಗೆ ಎರಡೂ ಕೇಳಿಸಲಿಲ್ಲ. ಅವಳು ಆ ಕೈಗಳನ್ನೇ ನೋಡುತ್ತಿದ್ದಳು. ಒಂದೊಂದಾಗಿ ಅವು ಕೆಳಗಿಳಿದವು, ತಂತಮ್ಮ ಕೂಸನ್ನು ಮತ್ತೆ ಬಿಗಿಯಾಗಿ ಅಪ್ಪಿದವು. ಹಿಂದಿನ ಕೆಲವರು ಬೀದಿಗಿಳಿದದ್ದರಿಂದ ಈಗ ಅಲ್ಲಲ್ಲಿ ಒಂದೊಂದು ಕಾಲಿಡುವಷ್ಟು ಜಾಗವಾಗಿತ್ತು. ಆದ ಜಾಗಕ್ಕೆ ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಮುಂದೆ ಸರಿದರು. ಮಸಿ ಕೈಯವನೂ ಸರಿದ. ಎಲ್ಲರ ಕಣ್ಣೂ ಡಾಕ್ಟರ ಬಾಗಿಲ ಮೇಲೆ.

ದೂರದ ತುದಿಯಿಂದ ಅದೇ ಹೆಣ್ಣುದನಿ, ಈಗ ಸಣ್ಣಗೆ, ಸಂಕೋಚದಿಂದ ಕೇಳುತ್ತಿತ್ತು:

"ಅದರ ತಾಯಿ ನಾನು. ನನಗೂ ಒಂಚೂರು ದಾರಿ ಬಿಡ್ತೀರಾ?"