ಗೋಡೆಗೆ ಉಣಿಸಿದ ತುಪ್ಪ

ಗೋಡೆಗಳಿಗೆ ಎಣ್ಣೆ ಉಣಿಸುವ ಗುರುಸಿದ್ದವ್ವ ಬರುವಷ್ಟರಲ್ಲಿ ಕೂಸು ಒಳಗೆ ಅತ್ತು ಅತ್ತು ಸೊರಗಿತ್ತು. ಸ್ನಾನಕ್ಕೆಂದು ಹೊರಬಂದಿದ್ದ ಬಾಣಂತಿ ಅಳುತ್ತ ಗೋಡೆಯನ್ನು ತಳ್ಳುತ್ತಲೇ ಇದ್ದಳು. ಎರಡು ಪದರ ಕೊಬ್ಬಿನ ಆ ಜೀವಂತ ಗೋಡೆ, ಮನೆಯವರು ಒರಗಿದರೆ ಸಾಕು, ದಾರಿ ಬಿಡುತ್ತಿತ್ತು. ಇಂದು ಕಲ್ಲಾಗಿತ್ತು.

ಗುರುಸಿದ್ದವ್ವ ಮೂಸಿ ನೋಡಿದಳು. "ನಿನ್ನೆ ಏನ್ ಉಣಿಸೀರಿ?"

"ಮೊಮ್ಮಗ ಹುಟ್ಟಿದ ಸಂತೋಷಕ್ಕ ತುಪ್ಪ," ಎಂದಳು ಅತ್ತೆ.

"ಥಂಡ್ಯಾಗ ಡಬ್ಬ್ಯಾಗಿನ ತುಪ್ಪನ ಗಟ್ಟಿ ಆಗ್ತದ, ಗ್ವಾಡಿ ಆಗೂದಿಲ್ಲೇನು?"

ಯಾವ ಚಳಿಗೂ ಹೆಪ್ಪುಗಟ್ಟದ ಕುಸುಬಿ ಎಣ್ಣೆಯನ್ನು ಅಂಗೈ ತುಂಬ ಸುರಿದುಕೊಂಡು ಗೋಡೆಗೆ ತಿಕ್ಕಿದಳು. "ಅಳಬ್ಯಾಡವ್ವ, ನನ್ನ ಕೈಗೆ ಬಗ್ಗದ ಗ್ವಾಡಿ ಇನ್ನೂ ಬೆಳೆದಿಲ್ಲ."

ಗೋಡೆ ಮೆಲ್ಲನೆ ಸಡಿಲಿತು. ಬಾಣಂತಿ ಒಳಗೆ ಜಾರಿದಳು, ಕೂಸಿನ ಅಳು ನಿಂತಿತು.

ಗುರುಸಿದ್ದವ್ವ ಕೈ ಒರೆಸಿಕೊಂಡು ಅತ್ತೆಯತ್ತ ತಿರುಗಿದಳು. "ಉಳಿದ ತುಪ್ಪ ಸೊಸಿಗೆ ಉಣಸ್ರಿ. ಹಡೆದಾಕಿ ಆಕಿ, ಗ್ವಾಡಿ ಅಲ್ಲ."